ಬ್ಯಾಟರಿ ಕ್ಯಾಮರಾ ಚಾರ್ಜ್ ಆಗ್ತಿಲ್ವಾ? ಮೊದ್ಲು ಅಡಾಪ್ಟರ್ ತಿರುಗಿಸಿ ನೋಡಿ

ಮನೆ ಕಾವಲಿಗೆ ಹಾಕೋ ಬ್ಯಾಟರಿ ಕ್ಯಾಮರಾನ ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ರೂ ಬೆಳಿಗ್ಗೆ ಮೊಬೈಲ್ ಆ್ಯಪ್‌ನಲ್ಲಿ ಅದೇ 12 ಪರ್ಸೆಂಟ್ ತೋರಿಸ್ತಿದ್ರೆ ಬ್ಯಾಟರಿ ಸತ್ತೋಯ್ತು ಅಂತ ತಕ್ಷಣ ಹೊಸದಕ್ಕೆ ಆರ್ಡರ್ ಹಾಕ್ಬೇಡಿ. ಎಷ್ಟೋ ಕ್ಯಾಮರಾಗಳ ಬಾಕ್ಸಲ್ಲಿ ಬರೀ ಕೇಬಲ್ ಇರತ್ತೆ, ಅಡಾಪ್ಟರ್ ಇರಲ್ಲ, ಹಂಗಾಗಿ ಮನೇಲಿ ಬಿದ್ದಿರೋ ಯಾವ್ದೋ ಮೊಬೈಲ್ ಚಾರ್ಜರ್‌ಗೆ ಇನ್ಯಾವ್ದೋ ಕೇಬಲ್ ಸಿಕ್ಕಿಸಿ ಬಿಟ್ಟಿರ್ತೀವಿ, ತೊಂದ್ರೆ ಇರೋದು ಅಲ್ಲೇ.

ಅಡಾಪ್ಟರ್ ಮೇಲಿರೋ ಸಣ್ಣಕ್ಷರ ಓದಿ. ಇನ್‌ಪುಟ್ 100-240 ವೋಲ್ಟ್ ಅನ್ನೋದು ಗೋಡೆ ಕಡೆ ಲೆಕ್ಕ, ಅದನ್ನ ಬಿಡಿ. ಔಟ್‌ಪುಟ್ ಸಾಲು ನೋಡಿ, ಅದನ್ನ ಕ್ಯಾಮರಾ ಹಿಂದೆನೋ ಮ್ಯಾನ್ಯುಯಲ್‌ನಲ್ಲೋ ಬರೆದಿರೋದರ ಜೊತೆ ತಾಳೆ ಹಾಕಿ. ತುಂಬಾ ಕ್ಯಾಮರಾಗಳಿಗೆ 5 ವೋಲ್ಟ್, 1 ಅಥವಾ 2 ಆಂಪಿಯರ್ ಸಾಕು. ವೋಲ್ಟ್ ಹೊಂದಲೇಬೇಕು, ಆಂಪಿಯರ್ ಜಾಸ್ತಿ ಇದ್ರೆ ಏನೂ ಆಗಲ್ಲ, ಕ್ಯಾಮರಾ ತನಗೆ ಬೇಕಾದಷ್ಟೇ ಎಳ್ಕೊಳ್ಳತ್ತೆ. ಕಮ್ಮಿ ಇದ್ರೆ ಮಾತ್ರ ಅಡಾಪ್ಟರ್ ಬಿಸಿಯಾಗತ್ತೆ ಇಲ್ಲಾಂದ್ರೆ ಚಾರ್ಜ್ ತೆವಳತ್ತೆ. ಕಂಪ್ಯೂಟರ್‌ನ ಹಳೇ ಯುಎಸ್‌ಬಿ 2.0 ಪೋರ್ಟ್ ಕೊಡೋದೇ 500 ಮಿಲಿ ಆಂಪಿಯರ್, ಅದರಲ್ಲಿ ದೊಡ್ಡ ಬ್ಯಾಟರಿ ತುಂಬಿಸೋಕೆ ಹೋದ್ರೆ ಒಂದು ದಿನ ಪೂರ್ತಿ ಹಿಡಿಯತ್ತೆ.

ದುಂಡು ಪಿನ್ ಇರೋ ಕ್ಯಾಮರಾ ಆದ್ರೆ ಹುಷಾರು. ರೂಟರ್‌ದು 12 ವೋಲ್ಟ್ ಅಡಾಪ್ಟರ್ ಕೂಡ ಅದೇ ತೂತಿಗೆ ಕೂತ್ಕೊಳ್ಳಬಹುದು, ಕೂತ ಮಾತ್ರಕ್ಕೆ ಸರಿ ಅಂತಲ್ಲ, 5 ವೋಲ್ಟಿನ ಕ್ಯಾಮರಾಗೆ 12 ಹೊಡೆದ್ರೆ ಒಳಗಿನ ಸರ್ಕ್ಯೂಟ್ ಸುಟ್ಟೋಗತ್ತೆ.

ಫಾಸ್ಟ್ ಚಾರ್ಜರ್‌ಗೆ ಮಾತ್ರ ಜನ ಸುಮ್ನೆ ಹೆದರ್ತಾರೆ. ಸರಿಯಾಗಿ ಮಾಡಿರೋ ಚಾರ್ಜರ್ ಶುರು ಮಾಡೋದೇ 5 ವೋಲ್ಟಿಂದ, ಆ ಕಡೆ ಡಿವೈಸ್ ಕೇಳಿದ್ರೆ ಮಾತ್ರ 9ಕ್ಕೋ 12ಕ್ಕೋ ಏರತ್ತೆ. ಆದ್ರೆ ಇಲ್ಲೊಂದು ಕಿರಿಕ್ ಇದೆ. ಎರಡೂ ತುದೀಲಿ ಟೈಪ್-ಸಿ ಇರೋ ಕೇಬಲ್ ಹಾಕ್ದಾಗ, ಆ ಕಡೆ ಒಂದು ಡಿವೈಸ್ ಇದೆ ಅಂತ ಗೊತ್ತಾಗೋವರೆಗೂ ಚಾರ್ಜರ್ ಕರೆಂಟೇ ಬಿಡಲ್ಲ, ಅದು ಗೊತ್ತಾಗೋಕೆ ಕ್ಯಾಮರಾ ಒಳಗೆ 5.1 ಕಿಲೋ ಓಮ್‌ನ ಪುಟಾಣಿ ರೆಸಿಸ್ಟರ್ ಇರ್ಬೇಕು, ಕೆಲವು ಅಗ್ಗದ ಕ್ಯಾಮರಾಗಳಲ್ಲಿ ಅದನ್ನೇ ಹಾಕಿರಲ್ಲ (ಉಳಿಸೋದು ಎಷ್ಟೋ, ದೇವರಿಗೇ ಗೊತ್ತು). ಲೈಟೂ ಇಲ್ಲ, ಚಾರ್ಜೂ ಇಲ್ಲ. ಒಂದು ತುದೀಲಿ ಹಳೇ ಅಗಲದ ಯುಎಸ್‌ಬಿ, ಇನ್ನೊಂದು ತುದೀಲಿ ಸಿ ಇರೋ ಕೇಬಲ್ ಹಾಕಿ, ಹಳೇ ಥರದ ಅಡಾಪ್ಟರ್‌ಗೆ ಚುಚ್ಚಿ, ಚಾರ್ಜ್ ಆದ್ರೆ ಕಾರಣ ಇದೇ.

ನನ್ನ ಕೇಳಿದ್ರೆ ಚಾರ್ಜರ್‌ಗಿಂತ ಜಾಸ್ತಿ ಕೈಕೊಡೋದು ಕೇಬಲ್. ಗೋಡೆ ಮೇಲಿರೋ ಕ್ಯಾಮರಾ ತನಕ ಎಟುಕ್ಲಿ ಅಂತ 3 ಮೀಟರ್‌ದು ತೆಳ್ಳಗಿರೋ ಕೇಬಲ್ ತಂದಿರ್ತೀವಿ, ಅದರೊಳಗಿನ ತಂತಿ 28 ಗೇಜಿಂದು (ಗೇಜ್ ನಂಬರ್ ಜಾಸ್ತಿಯಾದಷ್ಟೂ ತಂತಿ ಸಣ್ಣ) ಆದ್ರೆ 1 ಆಂಪಿಯರ್ ಹರಿಯೋವಾಗ ದಾರೀಲೇ ಒಂದು ವೋಲ್ಟಿಗಿಂತ ಜಾಸ್ತಿ ಬಿದ್ದೋಗತ್ತೆ, ಕ್ಯಾಮರಾಗೆ ತಲುಪೋದು 4ಕ್ಕಿಂತ ಕಮ್ಮಿ. ಲೈಟ್ ಉರಿದ್ರೂ ಪರ್ಸೆಂಟ್ ಏರಲ್ಲ. ಗಿಡ್ಡ, ದಪ್ಪ ಕೇಬಲಲ್ಲಿ ಒಂದ್ಸಲ ನೋಡಿ.

ಪರೀಕ್ಷೆ ಮಾಡೋವಾಗ ಒಂದ್ಸಲಕ್ಕೆ ಒಂದೇ ಬದಲಾಯಿಸಿ, ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವ್ದು ಕೆಟ್ಟಿತ್ತು ಅಂತ ಗೊತ್ತಾಗಲ್ಲ. ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ, ರಬ್ಬರ್ ಮುಚ್ಚಳ ಸರಿಯಾಗಿ ಮುಚ್ದೇ ಮಳೆ ನೀರು ಹೋಗಿದ್ರೆ ಹಸಿರು ಕಿಲುಬು ಕಾಣತ್ತೆ. ಪೂರ್ತಿ ಖಾಲಿಯಾಗಿ ತುಂಬಾ ದಿನ ಬಿದ್ದಿದ್ದ ಬ್ಯಾಟರಿ ಆದ್ರೆ ಚಾರ್ಜಿಗೆ ಹಾಕಿ ಅರ್ಧ ಗಂಟೆ ಸುಮ್ನೆ ಬಿಡಿ, ಕೆಲವು ಆಮೇಲೆ ಏಳ್ತವೆ. ಸೊನ್ನೆ ಡಿಗ್ರಿಗಿಂತ ಚಳಿ ಇರೋ ಕಡೆ ಆದ್ರೆ ಒಳಗೆ ತಂದು ಚಾರ್ಜ್ ಮಾಡಿ, ಲಿಥಿಯಂ ಬ್ಯಾಟರಿ ಆ ಚಳೀಲಿ ಚಾರ್ಜ್ ಮಾಡೋ ಹಂಗಿಲ್ಲ. ಬ್ಯಾಟರಿ ಊದ್ಕೊಂಡಿದ್ರೆ ಚಾರ್ಜಿಗೆ ಹಾಕೋದೇ ಬೇಡ.

ಇಷ್ಟಾದ್ಮೇಲೂ ಅನುಮಾನ ಇದ್ರೆ ಚಾರ್ಜರ್‌ಗೂ ಕೇಬಲ್‌ಗೂ ಮಧ್ಯೆ ಎಷ್ಟು ವೋಲ್ಟ್, ಎಷ್ಟು ಕರೆಂಟ್ ಹೋಗ್ತಿದೆ ಅಂತ ತೋರಿಸೋ ಒಂದು ಯುಎಸ್‌ಬಿ ಮೀಟರ್ ಸಿಕ್ಕಿಸಿ. ಬೇರೆ ಚಾರ್ಜರ್, ಬೇರೆ ಕೇಬಲ್ ಹಾಕಿದ್ರೂ ಕರೆಂಟ್ ಸೊನ್ನೆ ಅಂದ್ರೆ ತೊಂದ್ರೆ ಕ್ಯಾಮರಾದ ಪೋರ್ಟಲ್ಲಿ ಅಥವಾ ಅದರ ಒಳಗಿನ ಸರ್ಕ್ಯೂಟಲ್ಲಿ, ಕರೆಂಟ್ ಗಂಟೆಗಟ್ಲೆ ಚೆನ್ನಾಗಿ ಹರಿದ್ರೂ ಪರ್ಸೆಂಟ್ ಏರ್ತಿಲ್ಲ ಅಂದ್ರೆ ಆಗ ಬ್ಯಾಟರಿ ಮೇಲೆ ಅನುಮಾನ ಪಡಿ.