ನೈಟ್ರಿಕ್ ಆಕ್ಸೈಡ್‌ನ ಗುರುತನ್ನು ನಾನು ಹುಡುಕುವ ಬಗೆ

ಜೀವಕೋಶಗಳಿಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಕೊಟ್ಟರೆ ಏನಾದರೊಂದು ಆಗಿಯೇ ಆಗುತ್ತದೆ. ಆದದ್ದು ಅದರಿಂದಲೇ ಎಂದು ತೋರಿಸುವುದರಲ್ಲಿ ನಿಜವಾದ ಕೆಲಸವಿದೆ. ಗ್ವಾನೈಲೇಟ್ ಸೈಕ್ಲೇಸ್ ಎಂಬ ಕಿಣ್ವದ ಹೀಮ್‌ಗೆ (ಕಬ್ಬಿಣವಿರುವ ಭಾಗಕ್ಕೆ) ಅಂಟಿ ಸೈಕ್ಲಿಕ್ ಜಿಎಂಪಿ ಎಂಬ ಸಂಕೇತವಾಹಕ ಅಣುವನ್ನು ಹೆಚ್ಚಿಸುವ ಅದರ ಹೆದ್ದಾರಿ 1998ರ ನೊಬೆಲ್‌ಗೂ ಮೊದಲೇ ಪರಿಚಿತ. ನನ್ನದು ಇನ್ನೊಂದು ದಾರಿ: ಪ್ರೋಟೀನಿನ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಮೇಲೆ ನೈಟ್ರೊಸೊ (NO) ಗುಂಪು ಬಂದು ಕೂರುವ ಎಸ್-ನೈಟ್ರೊಸೈಲೇಷನ್.

ಅನಿಲದ ಮೂಲವಾಗಿ ನಾನು ಬಳಸುವುದು ಡೀಟಾ ನೊನೊಯೇಟ್. 37 ಡಿಗ್ರಿಯಲ್ಲಿ, ಪಿಎಚ್ 7.4ರಲ್ಲಿ ಅದರ ಅರ್ಧಾಯುಷ್ಯ ಸುಮಾರು 20 ಗಂಟೆ. ಹಾಗಾಗಿ ಅನಿಲ ಒಮ್ಮೆಗೇ ನುಗ್ಗದೆ ನಿಧಾನವಾಗಿ ಒಸರುತ್ತದೆ. ಅದೇ ದ್ರಾವಣವನ್ನು ಅನಿಲವೆಲ್ಲ ಬಿಟ್ಟುಹೋಗುವವರೆಗೆ ಇಟ್ಟು, ಉಳಿದದ್ದನ್ನು ಇನ್ನೊಂದು ತಟ್ಟೆಯ ಕೋಶಗಳಿಗೆ ಹಾಕುತ್ತೇನೆ. ಪರಿಣಾಮ ಅಲ್ಲಿಯೂ ಕಂಡರೆ ಅದು ನೈಟ್ರೈಟ್ ಅಥವಾ ಅಮೈನ್ ಶೇಷದ ಕೆಲಸ. ಈ ತಟ್ಟೆಯಿಲ್ಲದ ಪ್ರಬಂಧಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಗುರುತು ಹಿಡಿಯಲು 2001ರಲ್ಲಿ ವಿಜ್ಞಾನಿಗಳಾದ ಜ್ಯಾಫ್ರಿ ಮತ್ತು ಸ್ನೈಡರ್ ಪ್ರಕಟಿಸಿದ ಬಯೋಟಿನ್ ಸ್ವಿಚ್ ವಿಧಾನವನ್ನು ಅನುಸರಿಸುತ್ತೇನೆ. ಮೊದಲು ಬಿಡುವಾಗಿರುವ ಥಯಾಲ್‌ಗಳನ್ನೆಲ್ಲ (ಸಿಸ್ಟೀನಿನ ಗಂಧಕದ ತುದಿಗಳನ್ನು) ಎಂಎಂಟಿಎಸ್ ಎಂಬ ರಾಸಾಯನಿಕದಿಂದ ಮುಚ್ಚಬೇಕು. ಆಮೇಲೆ ಆಸ್ಕಾರ್ಬೇಟ್ ನೈಟ್ರೊಸೊ ಗುಂಪನ್ನು ಕಳಚುತ್ತದೆ, ತೆರೆದ ಜಾಗಕ್ಕೆ ಗುರುತಿನ ಚೀಟಿಯಂತೆ ಬಯೋಟಿನ್ ಕೂರುತ್ತದೆ. ಎಲ್ಲ ನಂಬಿಕೆಯೂ ಮುಚ್ಚುವ ಹಂತದ ಮೇಲೆ ನಿಂತಿದೆ: ಒಳಗೆ ಅಡಗಿದ ಥಯಾಲ್‌ಗಳೂ ಸಿಗುವಂತೆ ಪ್ರೋಟೀನನ್ನು ಬಿಚ್ಚುವ ಎಸ್‌ಡಿಎಸ್ ಸೇರಿಸಿ 50 ಡಿಗ್ರಿಯಲ್ಲಿ ಆಗಾಗ ಕಲಕುತ್ತೇನೆ. ಉಳಿದ ಎಂಎಂಟಿಎಸ್ ಹೋಗಲು ಅಸಿಟೋನ್‌ನಲ್ಲಿ ಪ್ರೋಟೀನನ್ನು ಗರಣೆಗಟ್ಟಿಸುತ್ತೇನೆ. ಬಫರ್‌ನಲ್ಲಿ ಲೋಹವನ್ನು ಹಿಡಿದಿಡುವ ಇಡಿಟಿಎ, ನಿಯೊಕ್ಯುಪ್ರೊಯಿನ್ ಇರಲೇಬೇಕು, ಇಲ್ಲದಿದ್ದರೆ ತಾಮ್ರದ ಚೂರು ನೈಟ್ರೊಸೊ ಬಂಧವನ್ನು ಒಡೆದುಬಿಡುತ್ತದೆ. ಇದೆಲ್ಲ ಕಿಟಕಿಯ ಬೆಳಕಿನಿಂದ ದೂರ. ಕಡೆಯಲ್ಲಿ ಜೆಲ್‌ಗೆ ಡೈಸಲ್ಫೈಡ್ ಬಂಧ ಒಡೆಯುವ ಡಿಟಿಟಿ ಹಾಕಬಾರದು. ಬಯೋಟಿನ್ ಹಿಡಿದಿರುವುದೇ ಡೈಸಲ್ಫೈಡ್‌ನಿಂದ.

ಆಸ್ಕಾರ್ಬೇಟ್ ಇಲ್ಲದ ಒಂದು ಪಟ್ಟಿ, ನೈಟ್ರೊಸೊ ಗುಂಪು ಮೊದಲೇ ಕಳಚುವಂತೆ ನೇರಳಾತೀತ ಬೆಳಕಿಗೊಡ್ಡಿದ ಇನ್ನೊಂದು ಪಟ್ಟಿ ಪ್ರತಿ ಬ್ಲಾಟ್‌ನಲ್ಲೂ (ಜೆಲ್‌ನ ಪ್ರೋಟೀನನ್ನು ಪೊರೆಗೆ ಇಳಿಸಿ ತೆಗೆದ ಚಿತ್ರದಲ್ಲೂ) ಇರುತ್ತದೆ. ಅಲ್ಲಿಯೂ ಗಾಢ ಬ್ಯಾಂಡ್ ಬಂದರೆ ಆ ದಿನದ ಚಿತ್ರ ಕಡತಕ್ಕೆ ಸೇರುವುದಿಲ್ಲ.

ಕೋಶದಲ್ಲಿ ಸೂಪರಾಕ್ಸೈಡ್ (ಚುರುಕಾದ ಆಮ್ಲಜನಕದ ರೂಪ) ಹೆಚ್ಚಿದ್ದರೆ ಲೆಕ್ಕ ಬೇರೆ. ಅದೂ ನೈಟ್ರಿಕ್ ಆಕ್ಸೈಡ್ ಕೂಡ ಎದುರಾದೊಡನೆಯೇ ಪೆರಾಕ್ಸಿನೈಟ್ರೈಟ್ ಆಗುತ್ತದೆ, ಟೈರೊಸಿನ್ ಎಂಬ ಇನ್ನೊಂದು ಅಮೈನೊ ಆಮ್ಲಕ್ಕೆ ನೈಟ್ರೊ ಗುಂಪು ಅಂಟುವ ನೈಟ್ರೇಷನ್ ಶುರುವಾಗುತ್ತದೆ. ಅದಕ್ಕೇ ನೈಟ್ರೊಟೈರೊಸಿನ್ ಪ್ರತಿಕಾಯದ ಬ್ಲಾಟನ್ನೂ ಜೊತೆಗೇ ನಡೆಸುತ್ತೇನೆ.

ಬ್ಯಾಂಡ್ ಕಂಡ ಮಾತ್ರಕ್ಕೆ ಸಂಕೇತ ಎನ್ನುವ ಅವಸರ ನನಗಿಲ್ಲ. ಆ ಸಿಸ್ಟೀನನ್ನು ಥಯಾಲ್ ಇಲ್ಲದ ಸೆರಿನ್‌ಗೆ ಬದಲಿಸಿ, ಪ್ರೋಟೀನಿನ ಕೆಲಸದ ಮೇಲೆ ನೈಟ್ರಿಕ್ ಆಕ್ಸೈಡ್‌ನ ಪ್ರಭಾವ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಬದಲಾವಣೆಯೇ ಪ್ರೋಟೀನನ್ನು ಕೆಡಿಸಿರಬಹುದಾದ್ದರಿಂದ, ಅನಿಲವಿಲ್ಲದಾಗ ಅದರ ಚಟುವಟಿಕೆ ಎಷ್ಟಿದೆ ಎಂಬುದನ್ನು ಮೊದಲು ಅಳೆಯುತ್ತೇನೆ.