10ಕೆ ಓಟಕ್ಕೆ ತಯಾರಿನಾ? ಮೊದಲು ರಜೆ ದಿನ ಗುರುತು ಹಾಕಿ

ಬೆಂಗಳೂರಿನ ವರ್ಲ್ಡ್ 10ಕೆಗೆ, ಅಂದರೆ 10 ಕಿಲೋಮೀಟರ್ ಓಟದ ಸ್ಪರ್ಧೆಗೆ, ಹೆಸರು ಕೊಟ್ಟ ತಕ್ಷಣ ವಾರಕ್ಕೆ ಎಷ್ಟು ದಿನ ಓಡಬೇಕು ಅಂತ ಲೆಕ್ಕ ಹಾಕಲು ಕೂರುತ್ತೇವೆ. ನೀವು ಉಲ್ಟಾ ಮಾಡಿ. ಓಡದ ದಿನಗಳನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಉಳಿದದ್ದರಲ್ಲಿ ಓಟ ತುಂಬಿಸಿ.

ಹೊಸಬರಿಗೆ ವಾರಕ್ಕೆ ಮೂರು ದಿನ ಓಟ ಸಾಕು, ನಡುವೆ ಒಂದೊಂದು ದಿನ ಬಿಡುವು. ವರ್ಷಗಳಿಂದ ಓಡುತ್ತಿರುವವರೂ ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಇಟ್ಟುಕೊಳ್ಳಿ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಉದ್ದದ ಓಟ ಓಡುವವರಿಗೆ ಸೋಮವಾರ ಸರಿಹೋಗುತ್ತದೆ.

ಓಡುವಾಗ ಸ್ನಾಯುಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ, ಅವುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ (ಓಟಕ್ಕೆ ಇಂಧನವಾಗುವ ಸಕ್ಕರೆಯ ದಾಸ್ತಾನು) ಖರ್ಚಾಗುತ್ತದೆ. ಉದ್ದದ ಓಟದ ಮೇಲೆ ಅದು ಮತ್ತೆ ತುಂಬಲು ಒಂದು ದಿನವಾದರೂ ಬೇಕು. ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಮೂಳೆಯದು. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಮೂಳೆ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅದೂ ಹೇಗೆ ಅಂದರೆ, ದೇಹ ಹಳೆಯ ಮೂಳೆಯನ್ನು ಮೊದಲು ಸ್ವಲ್ಪ ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ, ಹಾಗಾಗಿ ಐದಾರು ವಾರ ಕಳೆದು "ಈಗ ಎಷ್ಟು ಬೇಕಾದರೂ ಓಡಬಲ್ಲೆ" ಅನ್ನಿಸುವ ಹೊತ್ತಿಗೆ ಮೊಣಕಾಲ ಕೆಳಗಿನ ಮೂಳೆ ಇನ್ನೂ ರಿಪೇರಿಯಲ್ಲೇ ಇರಬಹುದು. ನನಗೂ ಕಾಲು ನೋವು ಶುರುವಾಗಿದ್ದು ಸರಿಯಾಗಿ ಆ ಹೊತ್ತಿಗೇ.

ಜೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಜಾಟೊಪೆಕ್ ಕಥೆ ಕೇಳಿದ್ದೀರಾ? ಲೆಕ್ಕವಿಲ್ಲದಷ್ಟು ಓಡುತ್ತಿದ್ದ ಮನುಷ್ಯ. 1950ರಲ್ಲಿ ಬ್ರಸೆಲ್ಸ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಮುಂಚೆ ವಿಷಾಹಾರದಿಂದ ಆಸ್ಪತ್ರೆ ಸೇರಿದರು, ಅಭ್ಯಾಸ ನಿಂತೇಹೋಯಿತು. ಅಲ್ಲಿಂದ ಎದ್ದು ಬಂದು 5,000 ಮತ್ತು 10,000 ಮೀಟರ್ ಎರಡನ್ನೂ ಗೆದ್ದರು. ಬಲವಂತದ ರಜೆ ಅವರನ್ನು ಸೋಲಿಸಲಿಲ್ಲ.

ರಜೆ ದಿನ ಏನು ಮಾಡುವುದು? ಅಲಾರಂ ಬೇಡ, ಏಳೆಂಟು ಗಂಟೆ ನಿದ್ದೆ ಮಾಡಿ. ಓಡಿಲ್ಲ ಅಂತ ಊಟ ಕಡಿಮೆ ಮಾಡಬೇಡಿ. ಅನ್ನ, ಮುದ್ದೆ, ಬೇಳೆ ಸಾರು, ಮೊಟ್ಟೆ, ಮೊಸರು, ಮನೆಯಲ್ಲಿ ಏನಿದೆಯೋ ಅದನ್ನೇ ಹೊಟ್ಟೆ ತುಂಬಾ ತಿನ್ನಿ. ಸುಮ್ನೆ ಕೂರಲು ಆಗದಿದ್ದರೆ ಅರ್ಧ ಗಂಟೆ ನಿಧಾನಕ್ಕೆ ನಡೆಯಿರಿ. ಬ್ಯಾಡ್ಮಿಂಟನ್ ಆಡುವುದು, ಜಿಮ್‌ನಲ್ಲಿ ಸ್ಕ್ವಾಟ್ ಹೊಡೆಯುವುದು ರಜೆ ಆಗಲ್ಲ.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಒಂದು ನಿಮಿಷ ನಾಡಿ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ದಿನಾ ಬರುವುದಕ್ಕಿಂತ 5ರಿಂದ 10 ಬಡಿತ ಜಾಸ್ತಿ ಬಂದರೆ, ಜೊತೆಗೆ ನಿದ್ದೆಯೂ ಕೆಟ್ಟಿದ್ದರೆ, ಟೈಂಟೇಬಲ್‌ನಲ್ಲಿ ಏನೇ ಬರೆದಿರಲಿ ಅವತ್ತು ಓಟ ಬಿಡಿ. ಬಿಟ್ಟ ಓಟವನ್ನು ಮರುದಿನಕ್ಕೆ ಸೇರಿಸಿ ಡಬಲ್ ಮಾಡಬೇಡಿ, ಹೋದದ್ದು ಹೋಯಿತು.

ಎರಡೂ ತೊಡೆ ಹಿಡಿದುಕೊಂಡಂತಿದ್ದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ಮೂಳೆ ನೋಯುತ್ತಿದ್ದರೆ ಬೇರೆ ಮಾತು. ಸ್ಪ್ರೇ ಹೊಡೆದುಕೊಂಡು ಓಡಬೇಡಿ, ಡಾಕ್ಟರಿಗೆ ತೋರಿಸಿ, ಅದು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮೇಲಿಂದ ಮೇಲೆ ಪೆಟ್ಟು ಬಿದ್ದು ಮೂಳೆಯಲ್ಲಿ ಮೂಡಿದ ಸಣ್ಣ ಬಿರುಕು, ಇರಬಹುದು.

ಇನ್ನು ರೇಸಿನ ವಾರ. ಓಟವನ್ನು ಅರ್ಧಕ್ಕೆ ಇಳಿಸಿ. ಬಿಬ್ (ಎದೆಗೆ ಅಂಟಿಸುವ ನಂಬರ್ ಚೀಟಿ) ತರುವ ಕೆಲಸವನ್ನು ಆದಷ್ಟು ಮುಂಚೆಯೇ ಮುಗಿಸಿ, ಹಿಂದಿನ ದಿನ ಕ್ಯೂನಲ್ಲಿ ಗಂಟೆಗಟ್ಟಲೆ ನಿಂತರೂ ಕಾಲು ಸೋಲುತ್ತದೆ ಅಲ್ವಾ.