ಹೊಸ ಗೇಮ್ ಬಂತು, ಕೈಗೆ ಏನು ಕೆಲಸ?

ಆಡಬೇಕು ಅಂತ ಆಸೆ ಹುಟ್ಟಿಸಿದ ಪ್ರತಿ ಹೊಸ ಗೇಮ್‌ಗೂ ನನ್ನ ನೋಟ್‌ಬುಕ್‌ನಲ್ಲಿ ಒಂದು ಸಾಲು ಇರುತ್ತದೆ. ಮೊದಲು ಹೆಸರು, ಆಮೇಲೆ ಬಿಡುಗಡೆಯ ದಿನ. ಅದರ ಮುಂದೆ ಒಂದೇ ಒಂದು ಪ್ರಶ್ನೆಗೆ ಉತ್ತರ. ಈ ಆಟದಲ್ಲಿ ನನ್ನ ಕೈ ಏನು ಮಾಡುತ್ತದೆ?

ಕಥೆ ಏನು ಅಂತ ಬರೆಯುವುದಿಲ್ಲ. ಗ್ರಾಫಿಕ್ಸ್ ಹೇಗಿದೆ ಅಂತಲೂ ಬರೆಯುವುದಿಲ್ಲ. ಅವೆರಡನ್ನೂ ಟ್ರೈಲರ್‌ನಲ್ಲಿ ತೋರಿಸಿಯೇ ತೋರಿಸುತ್ತಾರೆ. ಹದಿನೈದನೇ ಗಂಟೆಯಲ್ಲಿ, ಕಥೆ ಸ್ವಲ್ಪ ನಿಧಾನವಾದಾಗ, ಕಂಟ್ರೋಲರ್ ಹಿಡಿದು ನಾನು ಮತ್ತೆ ಮತ್ತೆ ಮಾಡುವ ಕೆಲಸ ಯಾವುದು ಅನ್ನೋದು ಮಾತ್ರ ಅಲ್ಲಿ ಕಾಣುವುದಿಲ್ಲ. ಆ ಕೆಲಸ ಹಿಡಿಸಿದರೆ ಆಟ ಮುಗಿಸುತ್ತೇನೆ. ಹಿಡಿಸದಿದ್ದರೆ ಎಷ್ಟೇ ಚೆಂದ ಇದ್ದರೂ ಅರ್ಧಕ್ಕೆ ನಿಂತುಹೋಗುತ್ತದೆ.

ಈ ಪ್ರಶ್ನೆ ಹುಟ್ಟಿದ್ದು ಒಂದು ಪ್ರೀ-ಆರ್ಡರ್‌ನಿಂದ. ಯಾವ ಗೇಮ್ ಅಂತ ಹೇಳುವುದು ಬೇಡ. ಟ್ರೈಲರ್‌ನಲ್ಲಿ ಮಳೆ ಸುರಿಯುವ ನಗರ ಇತ್ತು, ಮನಸ್ಸಿಗೆ ನಾಟುವ ಸಂಗೀತ ಇತ್ತು. ಐದು ತಿಂಗಳು ಕಾದೆ. ಬಿಡುಗಡೆಯ ರಾತ್ರಿ ಡೌನ್‌ಲೋಡ್ ಮುಗಿಯುವ ತನಕ ಎದ್ದಿದ್ದೆ. ನಗರ ನಿಜವಾಗಿಯೂ ಹಾಗೇ ಇತ್ತು. ಆದರೆ ಕಾಳಗ ಅಂದರೆ ಒಂದು ಬಟನ್ ಒತ್ತಿ ಹಿಡಿಯುವುದು, ಎದುರಾಳಿಯ ಹೆಲ್ತ್ ಬಾರ್ ನಿಧಾನವಾಗಿ ಇಳಿಯುವುದನ್ನು ನೋಡುವುದು, ಅಷ್ಟೇ. ಮುಂದೆ ಸರಿಹೋಗುತ್ತದೆ ಅಂತ ಆಡುತ್ತಾ ಹೋದೆ. ಆರನೇ ಗಂಟೆಗೆ ನಿಲ್ಲಿಸಿದೆ. ತುಂಬಾ ಬೇಸರವಾಗಿತ್ತು. ಕಾದ ಐದು ತಿಂಗಳ ಖುಷಿಯೂ ಅದರ ಜೊತೆಗೇ ಹೋಯಿತು ಅನಿಸಿತು.

ಅವತ್ತಿನಿಂದ ಟ್ರೈಲರ್ ನೋಡಿದ ಮೇಲೆ ಇನ್ನೊಂದು ವಿಡಿಯೊ ಹುಡುಕುತ್ತೇನೆ. ಯಾರೂ ಮಾತಾಡದ, ಕತ್ತರಿ ಹಾಕದ, ಸುಮ್ನೆ ಆಡುತ್ತಾ ಹೋಗುವ ವಿಡಿಯೊ. ಅದನ್ನು ಶುರುವಿನಿಂದ ನೋಡುವುದಿಲ್ಲ, ನಡುವಿನಿಂದ ಹತ್ತು ನಿಮಿಷ ನೋಡುತ್ತೇನೆ. ಬಾಸ್ ಅಂದರೆ ದೊಡ್ಡ ಎದುರಾಳಿಯ ಜೊತೆಗಿನ ಕಾಳಗ ಬೇಡ, ಕಥೆಯ ದೃಶ್ಯ ಬೇಡ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸಾಧಾರಣ ಹೊತ್ತು ಬೇಕು. ಆಟದ ನಿಜವಾದ ನಡಿಗೆ ಗೊತ್ತಾಗುವುದು ಅಲ್ಲೇ.

ಡೆಮೊ, ಅಂದರೆ ಆಡಿ ನೋಡಲು ಕೊಡುವ ಸಣ್ಣ ಭಾಗ, ಇದ್ದರೆ ಇನ್ನೂ ಒಳ್ಳೆಯದು. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ವರ್ಷಕ್ಕೆ ಮೂರು ಸಲ ನೆಕ್ಸ್ಟ್ ಫೆಸ್ಟ್ ನಡೆಯುತ್ತದೆ. ಒಂದು ವಾರ, ಇನ್ನೂ ಬಿಡುಗಡೆಯಾಗದ ನೂರಾರು ಗೇಮ್‌ಗಳ ಡೆಮೊ ಸಿಗುತ್ತದೆ. ಅಲ್ಲಿ ಒಂದೊಂದಕ್ಕೆ ಇಪ್ಪತ್ತು ನಿಮಿಷ ಕೊಡುತ್ತೇನೆ. ಕೈಗೆ ಹಿಡಿಸಿತೋ ಇಲ್ಲವೋ ಅಂತ ತಿಳಿಯಲು ಅಷ್ಟು ಸಾಕು.

ಕೊಂಡ ಮೇಲೂ ಒಂದು ಅವಕಾಶ ಇದೆ. ಕೊಂಡ 14 ದಿನದ ಒಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ದರೆ ಸ್ಟೀಮ್‌ನಲ್ಲಿ ರಿಫಂಡ್ ಕೇಳಬಹುದು. ಆ ಎರಡು ಗಂಟೆಯನ್ನು ಲೆಕ್ಕ ಹಾಕಿ ಬಳಸಬೇಕು. ಪಾತ್ರದ ಮೂಗು, ಕೂದಲು, ಕಣ್ಣಿನ ಬಣ್ಣ ಆರಿಸುತ್ತಾ ಕೂತರೆ ಮುಕ್ಕಾಲು ಗಂಟೆ ಅಲ್ಲೇ ಕರಗುತ್ತದೆ. ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಮೊದಲ ಸಲ ಯಾವುದೋ ಒಂದು ಮುಖ ಆರಿಸಿ ಒಳಗೆ ಹೋಗುತ್ತೇನೆ. ಜನಜಂಗುಳಿ ಇರುವ ಜಾಗಕ್ಕೆ ಬೇಗ ಹೋಗಿ ಫ್ರೇಮ್ ರೇಟ್, ಅಂದರೆ ಚಿತ್ರ ತಡವರಿಸದೆ ಓಡುತ್ತದೆಯೇ ಅಂತ, ನೋಡುತ್ತೇನೆ. ಆಮೇಲೆ ಒಂದು ಕಾಳಗ, ಒಂದು ಸುತ್ತಾಟ. ಹಿಡಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಿ ಮೂಗಿಗೂ ಕೂದಲಿಗೂ ಬೇಕಾದಷ್ಟು ಹೊತ್ತು ಕೊಡುತ್ತೇನೆ.

2025 ನನ್ನ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಸಾಲು ಬರೆಸಿದ ವರ್ಷ. ಏಪ್ರಿಲ್ 24ಕ್ಕೆ 'ಕ್ಲೇರ್ ಒಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33' ಬಂತು. ಮಾಡಿದ್ದು ಫ್ರಾನ್ಸ್‌ನ ಮಾಂಪೆಲಿಯೇ ಊರಿನ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ ಅನ್ನುವ ಸಣ್ಣ ಸ್ಟುಡಿಯೊ. ಅದರ ಕಥೆಯ ಎಳೆ ಕೇಳಿದ ಕೂಡಲೇ ಎದೆ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಚಿತ್ರಗಾತಿಯೊಬ್ಬಳು ದೂರದ ದೊಡ್ಡ ಕಲ್ಲಿನ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ಹೂವಿನ ಎಸಳಿನ ಹಾಗೆ ಉದುರಿ ಮಾಯವಾಗುತ್ತಾರೆ. ಪ್ರತಿ ವರ್ಷ ಸಂಖ್ಯೆ ಒಂದೊಂದೇ ಇಳಿಯುತ್ತದೆ. ಅವಳನ್ನು ತಡೆಯಲು ಒಂದು ತಂಡ ಹೊರಡುತ್ತದೆ.

ಆದರೂ ನನ್ನ ಪ್ರಶ್ನೆ ಕೈಯದ್ದೇ. ಇದು ಸರದಿ ಪ್ರಕಾರ ಹೊಡೆದಾಡುವ ಆಟ. ನಮ್ಮ ಸರದಿ ಬಂದಾಗ ನಾವು ಹೊಡೆಯುತ್ತೇವೆ, ಅವರ ಸರದಿಯಲ್ಲಿ ಹೊಡೆತ ತಿನ್ನುತ್ತೇವೆ. ಈ ಬಗೆಯ ಆಟಗಳಲ್ಲಿ ಸಾಮಾನ್ಯವಾಗಿ ಎದುರಾಳಿಯ ಸರದಿ ಬಂದರೆ ಕೈ ಖಾಲಿ. ಇಲ್ಲಿ ಹಾಗಲ್ಲ. ಅವನು ಹೊಡೆಯಲು ಬಂದಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿದರೆ ಡಾಡ್ಜ್ ಮಾಡಿ ತಪ್ಪಿಸಿಕೊಳ್ಳಬಹುದು, ಇಲ್ಲವೇ ಪ್ಯಾರಿ ಮಾಡಿ ತಡೆಯಬಹುದು. ಸಾಲು ಸಾಲಾಗಿ ಬರುವ ಏಟುಗಳನ್ನೆಲ್ಲ ಪ್ಯಾರಿ ಮಾಡಿದರೆ ತಿರುಗೇಟು ಕೊಡುವ ಅವಕಾಶ. ನೋಟ್‌ಬುಕ್‌ನಲ್ಲಿ ಬರೆದದ್ದು: 'ಕಾಯುವುದು, ಕಾಯುವುದು, ಒತ್ತುವುದು.'

ಮೊದಲ ಐದಾರು ಗಂಟೆ ನನಗೆ ಪ್ಯಾರಿ ಬರಲೇ ಇಲ್ಲ. ಎದುರಾಳಿ ಕತ್ತಿ ಎತ್ತಿದ ಕೂಡಲೇ ಒತ್ತುತ್ತಿದ್ದೆ. ಅವನು ಎತ್ತಿದ ಕತ್ತಿಯನ್ನು ಹಾಗೇ ಒಂದು ಗಳಿಗೆ ಹಿಡಿದು, ಆಮೇಲೆ ಇಳಿಸುತ್ತಾನೆ. ನನ್ನ ಬಟನ್ ಅಷ್ಟರಲ್ಲಿ ಮುಗಿದುಹೋಗಿರುತ್ತಿತ್ತು. ಆಮೇಲೆ ದಾರಿ ಬದಲಿಸಿದೆ. ಹೊಸ ಎದುರಾಳಿ ಬಂದರೆ ಮೊದಲು ಡಾಡ್ಜ್ ಮಾತ್ರ. ಡಾಡ್ಜ್‌ಗೆ ಸಮಯ ಸ್ವಲ್ಪ ಜಾಸ್ತಿ ಸಿಗುತ್ತದೆ. ತುಂಬಾ ಸರಿಯಾದ ಕ್ಷಣಕ್ಕೆ ಮಾಡಿದರೆ ಪರ್ಫೆಕ್ಟ್ ಅಂತ ತೋರಿಸುತ್ತದೆ. ಹಾಗೆ ತೋರಿಸಿದ ಕ್ಷಣವೇ ಪ್ಯಾರಿಯ ಕ್ಷಣವೂ ಹೌದು. ಒಂದೊಂದು ಏಟಿಗೂ ಎರಡು ಮೂರು ಸಲ ಪರ್ಫೆಕ್ಟ್ ಬಂದ ಮೇಲೆ ಪ್ಯಾರಿಗೆ ಹೋಗುತ್ತಿದ್ದೆ. ಮತ್ತೊಂದು ವಿಷಯ, ಕಣ್ಣಿಗಿಂತ ಕಿವಿ ಹೆಚ್ಚು ಸಹಾಯ ಮಾಡಿತು. ಏಟು ಇಳಿಯುವ ಮುಂಚೆ ಸದ್ದು ಬದಲಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡ ದಿನದಿಂದ ನನ್ನ ಆಟವೇ ಬೇರೆಯಾಯಿತು. ಒಂದು ದೊಡ್ಡ ಬಾಸ್‌ನ ಏಳೆಂಟು ಏಟನ್ನು ಒಂದೂ ಬಿಡದೆ ತಡೆದಾಗ ಆದ ಸಂತೋಷ ಇನ್ನೂ ಕೈಯಲ್ಲಿ ಇದೆ. ಆ ವರ್ಷದ ಕೊನೆಯಲ್ಲಿ ಗೇಮ್ ಅವಾರ್ಡ್ಸ್‌ನಲ್ಲಿ ಅದಕ್ಕೆ ವರ್ಷದ ಆಟ ಅನ್ನುವ ಪ್ರಶಸ್ತಿ ಬಂದಾಗ ನನ್ನ ಮನೆಯವರಿಗೇ ಬಂದಷ್ಟು ಖುಷಿಪಟ್ಟೆ.

'ಹಾಲೋ ನೈಟ್: ಸಿಲ್ಕ್‌ಸಾಂಗ್' ಮಾತ್ರ ಬೇರೆ ಥರದ ಕಾಯುವಿಕೆ. 2019ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಟೀಮ್ ಚೆರಿ ಅದನ್ನು ಘೋಷಿಸಿತು. ಕೈಗೆ ಬಂದದ್ದು 2025ರ ಸೆಪ್ಟೆಂಬರ್ 4ಕ್ಕೆ. ಆರೂವರೆ ವರ್ಷ! ಬಿಡುಗಡೆಯ ದಿನ ಗೊತ್ತಾಗಿದ್ದು ಎರಡು ವಾರ ಮುಂಚೆ. ಆ ಎರಡು ವಾರ ನಾನು ಇದರ ಮೊದಲ ಆಟವಾದ ಹಳೆಯ ಹಾಲೋ ನೈಟ್ ಮತ್ತೆ ಆಡಿದೆ. ಕೈ ಪಳಗಲಿ ಅಂತ. ಅದು ತಪ್ಪು ತಯಾರಿ ಅಂತ ಆಮೇಲೆ ತಿಳಿಯಿತು.

ಹಳೆಯದರಲ್ಲಿ ಮೇಲಿನಿಂದ ಹೊಡೆದರೆ ಏಟು ನೇರ ಕೆಳಕ್ಕೆ. ಮುಳ್ಳಿನ ಮೇಲೆ, ಶತ್ರುವಿನ ತಲೆ ಮೇಲೆ ಚೆಂಡಿನಂತೆ ಪುಟಿಯುತ್ತಾ ಹೋಗಬಹುದು. ಹೊಸದರಲ್ಲಿ ನಾಯಕಿ ಹಾರ್ನೆಟ್. ಶುರುವಿನಲ್ಲಿ ಅವಳ ಏಟು ಓರೆಯಾಗಿ ಬೀಳುತ್ತದೆ. ನೆತ್ತಿಯ ಮೇಲಿದ್ದು ಹೊಡೆದರೆ ಗುರಿ ತಪ್ಪುತ್ತದೆ. ಸ್ವಲ್ಪ ಹಿಂದೆ, ಸ್ವಲ್ಪ ಮೇಲೆ ಇರಬೇಕು. ಎರಡು ವಾರ ನೇರಕ್ಕೆ ಪಳಗಿಸಿದ ಕೈ ಮತ್ತೆ ಮತ್ತೆ ನೇರಕ್ಕೇ ಹೋಗುತ್ತಿತ್ತು. ಕೆಂಪು ಹೂಗಳ ಮೇಲೆ ಪುಟಿದು ದಾಟಬೇಕಾದ ಜಾಗದಲ್ಲಿ ಒಂದು ಸಂಜೆ ಪೂರ್ತಿ ಕಳೆದೆ. ಮುಂದೆ ಹೋಗಬೇಕು ಅನ್ನುವುದನ್ನು ಬಿಟ್ಟು, ಎರಡೇ ಹೂವಿನ ನಡುವೆ ಹೋಗಿ ಬಂದು ಮಾಡಿದೆ. ಮರುದಿನ ಬೆಳಿಗ್ಗೆ ಕೈ ತಾನಾಗಿ ಓರೆಗೆ ಒಗ್ಗಿತ್ತು. ಹೊಡೆಯುವ ರೀತಿಯನ್ನೇ ಬದಲಿಸುವ ವಾಂಡರರ್ ಕ್ರೆಸ್ಟ್ ಅನ್ನುವ ಲಾಂಛನ ಸಿಕ್ಕರೆ ನೇರ ಏಟು ವಾಪಸ್ ಬರುತ್ತದೆ. ನನಗೆ ಅದು ಸಿಗುವ ಹೊತ್ತಿಗೆ ಓರೆ ಏಟೇ ಇಷ್ಟವಾಗಿಬಿಟ್ಟಿತ್ತು.

ಗಾಯ ಮಾಸಿಸುವ ರೀತಿಯೂ ಬೇರೆ. ಹೊಡೆದು ಹೊಡೆದು ರೇಷ್ಮೆ ಕೂಡಿಸಬೇಕು. ಸಾಕಷ್ಟು ಆದರೆ ಒಂದೇ ಸಲಕ್ಕೆ ಮೂರು ಮುಖವಾಡ (ಇಲ್ಲಿ ಜೀವದ ಅಳತೆ ಅದೇ) ತುಂಬುತ್ತದೆ, ನೆಗೆತದ ನಡುವೆ ಗಾಳಿಯಲ್ಲೂ ಮಾಡಬಹುದು. ಅಂದರೆ ಏಟು ಬಿದ್ದಾಗ ದೂರ ಓಡಿದರೆ ಪ್ರಯೋಜನ ಇಲ್ಲ. ಹತ್ತಿರ ಹೋಗಿ ಇನ್ನಷ್ಟು ಹೊಡೆದರೇನೇ ರೇಷ್ಮೆ. ಇದು ಗೊತ್ತಾದ ಮೇಲೆ ನನ್ನ ಹೆದರಿಕೆ ಕಮ್ಮಿಯಾಯಿತು. ಬಾಸ್ ಕೋಣೆಗೆ ಹೋಗುವ ಮುಂಚೆ ಕೈಯಲ್ಲಿರುವ ಮಣಿಗಳನ್ನು (ಆಟದ ಹಣ ಅವೇ) ಸರಕ್ಕೆ ಪೋಣಿಸಿಟ್ಟುಕೊಳ್ಳಿ. ಸತ್ತರೂ ಸರ ಉಳಿಯುತ್ತದೆ. ಬಿಡಿ ಮಣಿಗಳು ಸತ್ತ ಜಾಗದಲ್ಲೇ ಉಳಿಯುತ್ತವೆ, ತರಲು ವಾಪಸ್ ಹೋಗಬೇಕು. ಆಟ ಕಷ್ಟವಾಯಿತು ಅಂತ ತುಂಬಾ ಜನ ಹೇಳಿದರು. ಬಿಡುಗಡೆಯ ನಂತರದ ಮೊದಲ ತಿದ್ದುಪಡಿಯಲ್ಲೇ (ಪ್ಯಾಚ್) ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಅನ್ನುವ ಎರಡು ಬಾಸ್‌ಗಳನ್ನು ಸ್ವಲ್ಪ ಹಗುರ ಮಾಡಿದರು. ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ. ಆರಂಭದಲ್ಲೇ ಜನ ಬಿಟ್ಟು ಹೋದರೆ ಮುಂದಿನ ಅಷ್ಟು ಚೆಂದದ ಜಾಗಗಳನ್ನು ಯಾರು ನೋಡಬೇಕು, ಅಲ್ವಾ?

'ಬ್ಲೂ ಪ್ರಿನ್ಸ್' ಸಾಲಿನ ಮುಂದೆ ಬರೆದದ್ದು 'ಪೆನ್ಸಿಲ್'. ನಿಜವಾದ ಪೆನ್ಸಿಲ್. 45 ಕೋಣೆಯ ಬಂಗಲೆಯಲ್ಲಿ 46ನೇ ಕೋಣೆ ಹುಡುಕಬೇಕು. ಪ್ರತಿ ಬಾಗಿಲ ಮುಂದೆ ಮೂರು ಕೋಣೆಗಳ ನಕ್ಷೆ ಬರುತ್ತದೆ, ಒಂದನ್ನು ಆರಿಸಿದರೆ ಬಾಗಿಲ ಆಚೆ ಆ ಕೋಣೆಯೇ ಇರುತ್ತದೆ. ದಿನಕ್ಕೆ 50 ಹೆಜ್ಜೆಯಿಂದ ಶುರು. ದಿನ ಮುಗಿದರೆ ಮನೆ ಮತ್ತೆ ಖಾಲಿ. ಹೆಚ್ಚಾಗಿ ಉಳಿಯುವುದು ನಮಗೆ ಗೊತ್ತಾದ ವಿಷಯ. ಅದಕ್ಕೆ ಗೋಡೆಯ ಚಿತ್ರ, ಪತ್ರದಲ್ಲಿನ ದಿನಾಂಕ, ಎಲ್ಲ ಬರೆದಿಡಬೇಕು. ನಾನು 31 ಪುಟ ತುಂಬಿಸಿದೆ. ನಾನು ಆಡಿದಾಗ ದಿನದ ನಡುವೆ ಸೇವ್ ಆಗುತ್ತಿರಲಿಲ್ಲ. ಒಂದು ಗಂಟೆ ಬಿಡುವು ಇದ್ದರೆ ಮಾತ್ರ ಕೂರುತ್ತಿದ್ದೆ.

ತಂಗಿಯ ಜೊತೆ ಆಡಿದ್ದು 'ಸ್ಪ್ಲಿಟ್ ಫಿಕ್ಷನ್'. ಇಬ್ಬರೇ ಆಡುವ ಆಟ, ಒಬ್ಬರೇ ಕೂತು ಆಡಲು ಬರುವುದಿಲ್ಲ. ಅವಳು ಬೇರೆ ಊರಲ್ಲಿ ಇದ್ದಾಳೆ. ಫ್ರೆಂಡ್ಸ್ ಪಾಸ್ ಇರುವುದರಿಂದ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ಉಚಿತವಾಗಿ ಸೇರಬಹುದು. ಅವಳಿಗೆ ಕಂಟ್ರೋಲರ್ ಹೊಸದು. ಒಂದು ಹೆಬ್ಬೆರಳಲ್ಲಿ ನಡೆಯುವುದು, ಇನ್ನೊಂದರಲ್ಲಿ ಕ್ಯಾಮೆರಾ ತಿರುಗಿಸುವುದು, ಎರಡೂ ಒಟ್ಟಿಗೆ ಬರುತ್ತಿರಲಿಲ್ಲ. 'ಅಣ್ಣಾ, ನೀನು ಮುಂದೆ ಹೋಗು, ನಾನು ಬರ್ತೀನಿ' ಅನ್ನುತ್ತಿದ್ದಳು. ನಾನು ಮುಂದೆ ಹೋಗಲಿಲ್ಲ. ಮೊದಲ ದಿನ ಅರ್ಧ ಗಂಟೆ ಇಬ್ಬರೂ ಒಂದೇ ಜಾಗದಲ್ಲಿ ಸುಮ್ನೆ ಓಡಾಡಿದೆವು, ನೆಗೆದೆವು, ಸುತ್ತ ನೋಡಿದೆವು. ಮೂರನೇ ದಿನಕ್ಕೆ ಅವಳೇ ನನಗೆ ದಾರಿ ತೋರಿಸುತ್ತಿದ್ದಳು. ಹೊಸಬರಿಗೆ ಕಲಿಸುವವರು ಆ ಅರ್ಧ ಗಂಟೆಯನ್ನು ಖಂಡಿತ ಕೊಡಬೇಕು.

ಈಗ ಇನ್ನೂ ಆಡದ ಸಾಲುಗಳು. 'ಹೇಡೀಸ್ 2' 2024ರ ಮೇ ತಿಂಗಳಲ್ಲೇ ಅರ್ಲಿ ಆಕ್ಸೆಸ್‌ಗೆ, ಅಂದರೆ ಪೂರ್ತಿಯಾಗುವ ಮುಂಚೆಯೇ ಮಾರಾಟಕ್ಕೆ, ಬಂದಿತ್ತು. ಬೇಕೆಂದೇ ಮುಟ್ಟಲಿಲ್ಲ. ಕಥೆಯ ಕೊನೆ ಇಲ್ಲದೆ ಶುರು ಮಾಡಲು ಮನಸ್ಸಾಗಲಿಲ್ಲ. 2025ರ ಸೆಪ್ಟೆಂಬರ್ 25ಕ್ಕೆ ಪೂರ್ತಿಯಾಗಿ ಬಂತು. ಬಟನ್ ಒತ್ತಿ ಹಿಡಿದರೆ ದೊಡ್ಡ ಏಟು, ಬಿಟ್ಟು ಬಿಟ್ಟು ಒತ್ತಿದರೆ ಸಣ್ಣ ಏಟು. ಈ ಎರಡರ ತಾಳ ನನಗೆ ಹಿಡಿಸುತ್ತದೆ ಅಂತ ವಿಡಿಯೊ ನೋಡಿದಾಗಲೇ ಅನಿಸಿದೆ. 'ಡೆತ್ ಸ್ಟ್ರ್ಯಾಂಡಿಂಗ್ 2'ರಲ್ಲಿ ಬೆನ್ನ ಮೇಲಿನ ಹೊರೆ ವಾಲಿದಾಗ ಎರಡೂ ಟ್ರಿಗರ್ ಹಿಡಿದು ಸಂಭಾಳಿಸಬೇಕು. 'ಘೋಸ್ಟ್ ಆಫ್ ಯೋಟೇ'ಯಲ್ಲಿ ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ ಶಾಮಿಸೆನ್ ಅನ್ನುವ ಜಪಾನಿನ ತಂತಿವಾದ್ಯ ನುಡಿಸಬಹುದು, ಬೆಂಕಿ ಹೊತ್ತಿಸಬಹುದು. ಅದರ ಮುಂದೆ 'ಚಳಿಗಾಲಕ್ಕೆ' ಅಂತ ಬರೆದಿದ್ದೇನೆ.

ಆದರೆ ಸರದಿಯಲ್ಲಿ ಮೊದಲು ಇರುವುದು 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2'. 1403ರ ಬೊಹೀಮಿಯಾ (ಈಗಿನ ಚೆಕ್ ದೇಶದ ಭಾಗ), ನಾಯಕ ಕಮ್ಮಾರನ ಮಗ ಹೆನ್ರಿ. ಅದರಲ್ಲಿ ಕುಲುಮೆ ಕೆಲಸ ಇದೆ. ಕಬ್ಬಿಣ ಕಾಯಿಸಬೇಕು, ಬಣ್ಣ ನೋಡಿ ಹೊರತೆಗೆಯಬೇಕು, ಅಡಿಗಲ್ಲಿನ ಮೇಲಿಟ್ಟು ಉದ್ದಕ್ಕೂ ಒಂದೇ ಸಮ ಬಡಿಯಬೇಕು, ತಿರುಗಿಸಿ ಮತ್ತೆ ಬಡಿಯಬೇಕು. ಅಷ್ಟರಲ್ಲಿ ಆರಿದರೆ ಮತ್ತೆ ಬೆಂಕಿಗೆ. ಇದನ್ನು ವಿಡಿಯೊದಲ್ಲಿ ನಾಲ್ಕು ಸಲ ನೋಡಿದ್ದೇನೆ. ಕತ್ತಿ ಹಿಡಿದು ಹೊಡೆದಾಡುವ ಆಟ ಬೇಕಾದಷ್ಟು ಆಡಿದ್ದೇನೆ, ಕತ್ತಿಯನ್ನು ನಾನೇ ಬಡಿದು ಮಾಡುವ ಆಟ ಇದೇ ಮೊದಲು. ನಿನ್ನೆ ಸಂಜೆ ಡೌನ್‌ಲೋಡ್‌ಗೆ ಹಾಕಿದೆ. ನೋಟ್‌ಬುಕ್‌ನಲ್ಲಿ ಅದರ ಮುಂದೆ 'ಸುತ್ತಿಗೆ' ಅಂತ ಬರೆದಿದೆ. ಕಂಟ್ರೋಲರ್ ಚಾರ್ಜ್‌ಗೆ ಹಾಕಿದ್ದೇನೆ, ರಾತ್ರಿ ಊಟ ಮುಗಿದ ಕೂಡಲೇ ಶುರು.